ಸಂಪಾದಕರ ಉತ್ತರ: ನೀರಿಗೊಂದು ತಂಡ, ಹಲ್ಲಿಗೊಂದು ತಂಡ ಬೇಡ

ಪರಿಸರ ವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯ ವಿಭಾಗಗಳ ಎಂ.ಎಸ್ಸಿ. ವಿದ್ಯಾರ್ಥಿಗಳನ್ನು ಪಾವಗಡ ತಾಲ್ಲೂಕಿಗೆ ಕರೆದೊಯ್ದು ಫ್ಲೋರೈಡ್ ನೀರು, ಮಕ್ಕಳ ಹಲ್ಲಿನ ಕಲೆ ಎರಡನ್ನೂ ಅಧ್ಯಯನ ಮಾಡಿಸುವ ಅಧ್ಯಾಪಕರೊಬ್ಬರ ಪತ್ರ: ‘ನೀರು, ಮನೆ ಸಮೀಕ್ಷೆ, ಹಲ್ಲು, ನಕ್ಷೆ ಎಂದು ನಾಲ್ಕು ತಂಡ ಮಾಡಿದ್ದೆ. ನಾಲ್ಕು ವರದಿ ಬಂದವು, ಒಂದಕ್ಕೊಂದು ಹೊಂದಲಿಲ್ಲ. ಪ್ರತಿ ತಂಡದಲ್ಲಿ ಇಬ್ಬರು ದುಡಿದರು, ಉಳಿದವರು ಫೋಟೊ ತೆಗೆದರು. ಈ ಸಲ ಏನು ಮಾಡಲಿ?’

ಮಾನ್ಯರೆ,

ತಪ್ಪು ಹುಡುಗರದ್ದಲ್ಲ, ತಂಡ ಒಡೆದ ರೀತಿಯದು. ವಿಷಯವಾರು ಒಡೆದರೆ ಒಬ್ಬರಿಗೆ ಇನ್ನೊಬ್ಬರ ಮಾಹಿತಿ ಬೇಕಾಗುವುದೇ ಇಲ್ಲ. ಬದಲಿಗೆ ಪ್ರತಿ ತಂಡದಲ್ಲಿ ನಾಲ್ವರಿರಲಿ, ನಾಲ್ಕು ಕೆಲಸಕ್ಕೆ ಒಬ್ಬೊಬ್ಬರು, ಇಡೀ ತಂಡಕ್ಕೆ ಒಂದು ಕೇರಿ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಿಗಾಗಿ ರೂಪಿಸಿದ ‘ಜಿಗ್‌ಸಾ’ ವಿಧಾನದ ತಿರುಳು ಇದೇ. ಮೊದಲ ಬೆಳಿಗ್ಗೆ ಎಲ್ಲ ತಂಡಗಳ ನೀರಿನವರು ಒಟ್ಟಿಗೆ ಕೂತು ಕಲಿಯಲಿ, ಸಮೀಕ್ಷೆಯವರು ಇನ್ನೊಂದು ಕಡೆ. ಮಧ್ಯಾಹ್ನ ಅವರವರ ತಂಡಕ್ಕೆ ಮರಳಿ ಕಲಿಸಲಿ. ಮರುದಿನ ಕೆಲಸ ಅದಲುಬದಲಾಗಲಿ. ಹಲ್ಲಿನ ತಪಾಸಣೆ ಮಾತ್ರ ದಂತವೈದ್ಯರದೇ. ವಿದ್ಯಾರ್ಥಿ ಪಕ್ಕದಲ್ಲಿ ನಿಂತು ಡೀನ್ ಸೂಚ್ಯಂಕದ, ಅಂದರೆ ಫ್ಲೋರೈಡ್ ಕಲೆಯ ತೀವ್ರತೆ ಗುರುತಿಸುವ ಅಳತೆಗೋಲಿನ, ಅಂಕ ಬರೆದುಕೊಂಡರೆ ಸಾಕು.

ವರದಿಗಳನ್ನು ನಿಜಕ್ಕೂ ಜೋಡಿಸುವುದು ಒಂದು ಸಂಖ್ಯೆ. ಪ್ರತಿ ಮನೆಗೊಂದು ಸಂಖ್ಯೆ, ಪ್ರತಿ ನೀರಿನ ಮೂಲಕ್ಕೆ ಬೇರೆಯದೇ ಸಂಖ್ಯೆ. ಬಾಟಲಿ, ಪ್ರಶ್ನಾವಳಿ, ಹಲ್ಲಿನ ಹಾಳೆ, ನಕ್ಷೆ ನಾಲ್ಕರಲ್ಲೂ ಅದೇ ಸಂಖ್ಯೆಗಳು. ಬರೆಯುವುದು ಬಾಟಲಿಯ ಮೈಮೇಲೆ, ಮುಚ್ಚಳದ ಮೇಲಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ. ಒಂದೇ ಬೋರ್‌ವೆಲ್ ನೀರು ಕುಡಿಯುವ 40 ಮಕ್ಕಳಿದ್ದರೆ ನೀರಿನ ಅಳತೆ 40 ಅಲ್ಲ, ಒಂದೇ. ಮೂಲಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲದಿದ್ದರೆ ಇದು ಲೆಕ್ಕ ಹಾಕುವಾಗ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನಾವಳಿಯನ್ನು ನಾಲ್ವರೂ ಸೇರಿ ತಿದ್ದಲಿ. ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ರೂಪುಗೊಳ್ಳುವುದು ಹೆಚ್ಚುಕಡಿಮೆ 8 ವರ್ಷದೊಳಗೆ. ಹೆಚ್ಚಿನ ಫ್ಲೋರೈಡ್ ಕಲೆ ಮೂಡಿಸುವುದೂ ಆಗಲೇ. 12 ವರ್ಷದ ಮಗುವಿನ ಹಲ್ಲಿನ ಕಲೆ ಹೇಳುವುದು ಅಂದಿನ ನೀರಿನ ಕಥೆ. ಇಂದು ಆ ಮನೆಯವರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಳ್ಳುತ್ತಿರಬಹುದು. ಹಾಗಾಗಿ ‘ಈಗ ಯಾವ ನೀರು?’ ಎಂದಷ್ಟೇ ಕೇಳಿದರೆ ಸಾಲದು. ‘ಮಗು ಶಾಲೆಗೆ ಸೇರುವ ಮುಂಚೆ ಯಾವ ಊರಲ್ಲಿದ್ದಿರಿ, ಯಾವ ಬೋರ್‌ವೆಲ್ ನೀರು ಕುಡಿಯುತ್ತಿದ್ದಿರಿ?’ ಎಂದೂ ಕೇಳಬೇಕು. ನೀರಿನವರಿಗೆ ಒಂಟಿಯಾಗಿ ಈ ಪ್ರಶ್ನೆ ಹೊಳೆಯುವುದಿಲ್ಲ. ಹಲ್ಲಿನವರಿಗೆ ಹೊಳೆದರೂ ಆ ಹಳೆಯ ಬೋರ್‌ವೆಲ್ ಎಲ್ಲಿದೆಯೆಂದು ಗೊತ್ತಿರುವುದಿಲ್ಲ.

ನೀರು ಹಿಡಿಯುವ ಮುಂಚೆ ಬೋರ್‌ವೆಲ್ ಐದು ನಿಮಿಷ ಓಡಲಿ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿ, ಅದೇ ನೀರಿನಲ್ಲಿ ಮೂರು ಸಲ ತೊಳೆದು. ಬ್ಯಾಕ್ಟೀರಿಯಾ ಪರೀಕ್ಷೆಯ ಕ್ರಿಮಿಶುದ್ಧ ಬಾಟಲಿಯನ್ನು ಮಾತ್ರ ತೊಳೆಯಲೇಬಾರದು. ಅದಲುಬದಲಾದ ದಿನ ಹೆಚ್ಚು ಎಡವುವುದು ಇಲ್ಲೇ, ಕಲಿಸಿದವರು ಪಕ್ಕದಲ್ಲಿರಲಿ. ಹತ್ತು ಬಾಟಲಿಗೊಂದು ಜೋಡಿ ಮಾದರಿ, ಅಂದರೆ ಅದೇ ಮೂಲದ ಇನ್ನೊಂದು ಬಾಟಲಿ, ತೆಗೆಯಿರಿ. ಒಂದೇ ನೀರನ್ನು ಹೆಸರು ಹೇಳದೆ ಎಲ್ಲ ತಂಡಗಳಿಗೂ ಹಂಚಿ, ಫ್ಲೋರೈಡ್ ಪರೀಕ್ಷೆಯ ಕಿಟ್‌ನಲ್ಲಿ ಬಣ್ಣ ನೋಡಿ ಅಂಕಿ ಬರೆಯಲು ಹೇಳಿ. ಒಬ್ಬರು ಬಿಸಿಲಲ್ಲಿ ನೋಡಿರುತ್ತಾರೆ, ಇನ್ನೊಬ್ಬರು ನೆರಳಲ್ಲಿ, ಮತ್ತೊಬ್ಬರು ಗಡಿಯಾರ ನೋಡದೆ, ಅಂಕಿಗಳು ಹೊಂದುವುದಿಲ್ಲ. ಅಂದಿನ ಸಂಜೆಯ ಚರ್ಚೆ ಅದೇ ಆಗಲಿ, ನನಗಂತೂ ಅದು ಇಡೀ ಶಿಬಿರದ ಅತ್ಯುತ್ತಮ ಪಾಠ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ, ಬೇರೆ ನೀರೇ ಇಲ್ಲದಿದ್ದರೆ 1.5. ಈ ಎರಡರ ಆಸುಪಾಸಿನ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆಯದೆ ಊರವರಿಗೆ ಏನೂ ಹೇಳಬೇಡಿ.

ಅಂಕ ಕೊಡುವಾಗ ತಂಡಕ್ಕೆ ಅರ್ಧ, ವ್ಯಕ್ತಿಗೆ ಅರ್ಧ. ಮೌಖಿಕದಲ್ಲಿ ಚೀಟಿ ಎತ್ತಿಸಿ: ನೀರಿನವನಿಗೆ ಹಲ್ಲಿನ ಹಾಳೆಯ ಪ್ರಶ್ನೆ, ನಕ್ಷೆಯವಳಿಗೆ ಪ್ರಶ್ನಾವಳಿಯದ್ದು. ಈ ನಿಯಮವನ್ನು ಹೊರಡುವ ಮುಂಚೆಯೇ ಹೇಳಿಬಿಡಿ, ಫೋಟೊ ತಾನಾಗಿ ಕಡಿಮೆಯಾಗುತ್ತದೆ.

ಮಕ್ಕಳ ಬಾಯಿ ನೋಡಲು ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ, ಪೋಷಕರ ಒಪ್ಪಿಗೆ, 7 ದಾಟಿದ ಮಗುವಿನ ಸಮ್ಮತಿ ಮೂರೂ ಬೇಕು. ಸಮಿತಿಯ ಅರ್ಜಿಗೆ ತಿಂಗಳುಗಳೇ ಹಿಡಿಯಬಹುದು, ಮೊದಲು ಅದನ್ನು ಕಳಿಸಿ. ಹೊರಡುವ ಹೊತ್ತಿಗೆ ಅನುಮತಿ ಬಾರದಿದ್ದರೆ ಈ ಸಲ ಹಲ್ಲನ್ನು ಬಿಟ್ಟು, ತಂಡಕ್ಕೆ ಮೂವರನ್ನೇ ಇಟ್ಟುಕೊಂಡು ನೀರು, ಮನೆ, ನಕ್ಷೆ ಮಾಡಿಸಿ.

— ಸಂ.