ಏರ್‌ಬ್ರಷ್ ಇಲ್ಲದೆ ಟೈಗರ್ ಟ್ಯಾಂಕ್ ಮಾದರಿ ಚೆನ್ನಾಗಿ ಬರುತ್ತಾ?

ಬಿಡಿಭಾಗ ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್ಟಿನಲ್ಲಿ ಮೊದಲನೆಯದೇ ಜರ್ಮನಿಯ ಟೈಗರ್ ಟ್ಯಾಂಕ್, ಅದಕ್ಕೆ ಕಂಪ್ರೆಸರ್ ಸಮೇತ ಏರ್‌ಬ್ರಷ್, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ, ತಗೊಳ್ಳಲಾ ಅಂತ ಕೇಳಿದ್ದೀರಿ. ನೀವು ಚಿಕ್ಕಬಳ್ಳಾಪುರ, ನಾನು ಬಂಗಾರಪೇಟೆ, ಊರು ಬೇರೆ ಅಷ್ಟೇ. ನಾನೂ ಏರ್‌ಬ್ರಷ್‌ಗೆ ಅಂತ ದುಡ್ಡು ಕೂಡಿಡುತ್ತಾ ಕೂತಿದ್ದವನು. ಆದರೆ ನನ್ನ ಮಾದರಿಯನ್ನು ಹಾಳು ಮಾಡಿದ್ದು ಒಂದು ಬಾಟಲಿ ಥಿನ್ನರ್. ಅದನ್ನೇ ಮೊದಲು ಹೇಳುತ್ತೇನೆ.

ನಾನು ಕಟ್ಟುತ್ತಿದ್ದದ್ದು ಪಿಟಿ-76, 1/35 ಅಳತೆಯದು, ಅಂದರೆ ನಿಜವಾದದ್ದರ ಮೂವತ್ತೈದರಲ್ಲಿ ಒಂದು ಪಾಲು. ನೀರಿನಲ್ಲೂ ಓಡುವ ರಷ್ಯಾದ ಹಗುರ ಟ್ಯಾಂಕ್ ಅದು. 1971ರಲ್ಲಿ ನಮ್ಮ ಸೇನೆಯ ಬಳಿ ಇತ್ತು. ಬ್ರಷ್ಷಿನಲ್ಲೇ ಹಸಿರು ಬಳಿದಿದ್ದೆ, ಅಂಗಡಿಯಲ್ಲಿ ಸಿಗುವ ಮಾಮೂಲಿ ಅಕ್ರಿಲಿಕ್. ತೆಳುವಾಗಿ ಕಲಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬ್ರಷ್ಷಿನ ಗೆರೆ ಎಲ್ಲೂ ಕಾಣುತ್ತಿರಲಿಲ್ಲ. ಉಳಿದಿದ್ದು ವಾಶ್ ಮಾತ್ರ. ಅಂದರೆ ಕಪ್ಪು, ಕಂದು ಆಯಿಲ್ ಬಣ್ಣವನ್ನು ನೀರಿನ ಹಾಗೆ ತೆಳು ಮಾಡಿ, ಸಣ್ಣ ಬ್ರಷ್ಷಿನ ತುದಿಯಿಂದ ಸಂದಿಗಳಿಗೆ ಮುಟ್ಟಿಸುವುದು. ಬಣ್ಣ ತಾನಾಗಿ ಗೆರೆ ಹಿಡಿದು ಹರಿಯುತ್ತದೆ. ಬೋಲ್ಟು, ಮುಚ್ಚಳ, ಜಾಲರಿ ಎಲ್ಲ ಎದ್ದು ಕಾಣುತ್ತವೆ.

ಬಣ್ಣ ತೆಳು ಮಾಡಲು ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಪೇಂಟಿಗೆ ಹಾಕೋ ಥಿನ್ನರ್ ಕೊಡಿ ಅಣ್ಣ" ಅಂದೆ. ಅವರು ಎನ್‌ಸಿ ಥಿನ್ನರ್ ಕೊಟ್ಟರು. ಅವರದೇನೂ ತಪ್ಪಿಲ್ಲ, ಬೀರು, ಗಾಡಿ ಸ್ಪ್ರೇ ಮಾಡುವವರು ದಿನಾ ಕೇಳುವುದು ಅದನ್ನೇ. ನಾನು ಕೇಳಬೇಕಾಗಿದ್ದದ್ದು ಮಿನರಲ್ ಟರ್ಪೆಂಟೈನ್, ಅಂಗಡಿಯಲ್ಲಿ ಎಂಟಿಒ ಅನ್ನುವುದು. ಎರಡೂ ನೋಡಲು ನೀರಿನ ಹಾಗೇ ಇರುತ್ತವೆ. ವಾಸನೆ ಮಾತ್ರ ಬೇರೆ. ಎನ್‌ಸಿ ಥಿನ್ನರ್ ಮುಚ್ಚಳ ತೆಗೆದರೆ ಸಾಕು, ಮೂಗಿಗೆ ಹೊಡೆಯುತ್ತದೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಕಿಟ್ಟಿನ ಪ್ಲಾಸ್ಟಿಕ್ ಅಂದರೆ ಪಾಲಿಸ್ಟೈರೀನ್. ಎನ್‌ಸಿ ಥಿನ್ನರ್‌ನಲ್ಲಿ ಟಾಲ್ವೀನ್, ಅಸಿಟೋನ್ ಥರದ ದ್ರಾವಕಗಳಿರುತ್ತವೆ. ಅವು ಪಾಲಿಸ್ಟೈರೀನನ್ನು ಕರಗಿಸುತ್ತವೆ. ಮಾಡೆಲ್ ಸಿಮೆಂಟ್, ಅಂದರೆ ಕಿಟ್ಟಿನ ಭಾಗಗಳನ್ನು ಜೋಡಿಸುವ ಅಂಟು, ಕೆಲಸ ಮಾಡುವುದೂ ಹೀಗೇ. ಎರಡು ಅಂಚನ್ನು ಸ್ವಲ್ಪ ಕರಗಿಸುತ್ತದೆ, ಕರಗಿದ್ದು ಬೆರೆತು ಗಟ್ಟಿಯಾಗುತ್ತದೆ. ಅಂದರೆ ವಾಶ್ ಅಂತ ಹೇಳಿ ನಾನು ಇಡೀ ಟ್ಯಾಂಕಿನ ಬೆನ್ನಿಗೆ ಅಂಟು ಬಳಿದಿದ್ದೆ. ಅಕ್ರಿಲಿಕ್ ಬಣ್ಣ ಅದನ್ನು ತಡೆಯಲಿಲ್ಲ. ಮೊದಲು ಸುಕ್ಕಾಯಿತು, ಆಮೇಲೆ ಜಾರಿತು.

ಅಷ್ಟಕ್ಕೇ ಕೈ ಬಿಟ್ಟಿದ್ದರೆ ಬಹಳಷ್ಟು ಉಳಿಯುತ್ತಿತ್ತು. ಥಿನ್ನರ್ ಬೇಗ ಆರುತ್ತದೆ, ಮೆತ್ತಗಾದ ಪ್ಲಾಸ್ಟಿಕ್ ಮತ್ತೆ ಗಟ್ಟಿಯಾಗುತ್ತದೆ. ನಾನು ಗಾಬರಿಯಲ್ಲಿ ಬಟ್ಟೆ ತಗೊಂಡು ಒರೆಸಿದೆ. ನಷ್ಟ ಆಗಿದ್ದು ಅಲ್ಲೇ. ಇಂಜಿನ್ ಮೇಲಿನ ಜಾಲರಿಯ ಪಟ್ಟಿಗಳು ಒಂದಕ್ಕೊಂದು ಮೆತ್ತಿಕೊಂಡವು, ತೋಪು ಕೂರುವ ಗೋಪುರದ ಬುಡದ ವೆಲ್ಡಿಂಗ್ ಗೆರೆ ನುಣ್ಣಗಾಗಿ ಹೋಯಿತು, ಬಟ್ಟೆಯ ಎಳೆಗಳು ಪ್ಲಾಸ್ಟಿಕ್ಕಿನೊಳಗೇ ಕೂತವು. ಆದ್ದರಿಂದ ಏನೇ ತಂದರೂ ಮೊದಲು ಸ್ಪ್ರೂ ಮೇಲೆ, ಅಂದರೆ ಬಿಡಿಭಾಗಗಳು ಅಂಟಿಕೊಂಡು ಬರುವ ಕಡ್ಡಿಯ ಮೇಲೆ, ಬಣ್ಣ ಬಳಿದು ಒಣಗಿಸಿ ಹಚ್ಚಿ ನೋಡಿ. ಏನಾದರೂ ಎಡವಟ್ಟಾದರೆ ಮುಟ್ಟಬೇಡಿ, ಒರೆಸಬೇಡಿ. ಒಣಗಲಿ.

ಸರಿಪಡಿಸಲು ದಾರಿ ತೋರಿಸಿದ್ದು ನಮ್ಮ ಚಿಕ್ಕಪ್ಪ. ಕೆಜಿಎಫ್‌ನ ಬೆಮೆಲ್‌ನಲ್ಲಿ ವೆಲ್ಡರ್ ಆಗಿದ್ದವರು. ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವ ರಿಕವರಿ ವಾಹನಗಳು ತಯಾರಾಗುವ ಕಾರ್ಖಾನೆ ಅದು. ಅವರು ಮಾದರಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ವೆಲ್ಡಿಂಗ್ ಅಂದ್ರೆ ಬರೀ ಗೆರೆ ಅಲ್ಲಪ್ಪ, ಅಲೆ ಅಲೆ ಇರಬೇಕು" ಅಂದರು. ಸ್ಪ್ರೂ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದರೆ ದಾರದಷ್ಟು ಸಣ್ಣಗಾಗುತ್ತದೆ. ಅದನ್ನು ಸಂದಿಯ ಮೇಲೆ ಕೂರಿಸಿ, ಸಿಮೆಂಟ್ ಹಚ್ಚಿ, ಮೆತ್ತಗಾದಾಗ ಬ್ಲೇಡಿನ ತುದಿಯಿಂದ ಓರೆಯಾಗಿ ಒತ್ತುತ್ತಾ ಹೋದೆ. ಚಿಕ್ಕಪ್ಪ ಹೇಳಿದ ಅಲೆ ಬಂತು, ಕಿಟ್ಟಿನಲ್ಲಿ ಅಚ್ಚಾಗಿದ್ದದ್ದಕ್ಕಿಂತ ಚೆನ್ನಾಗಿಯೇ ಬಂತು. ಜಾಲರಿಗೆ ಕೂಲ್‌ಡ್ರಿಂಕ್ ಡಬ್ಬಿಯ ತಗಡು ಕತ್ತರಿಸಿ ಪಟ್ಟಿ ಮಾಡಿದೆ.

ಈಗ ನಿಮ್ಮ ಟೈಗರ್. ನನ್ನ ಕೇಳಿದರೆ ಬೇಡ. ಅದರ ಚಕ್ರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಉಜ್ಜಿ, ಬಣ್ಣ ಬಳಿದು, ಕೂರಿಸುವಷ್ಟರಲ್ಲಿ ಹೊಸಬರಿಗೆ ಸಾಕಾಗಿ ಹೋಗುತ್ತದೆ. ಪಿಟಿ-76ಕ್ಕೆ ಒಂದು ಬದಿಗೆ 6 ಚಕ್ರ, ಚೈನನ್ನು ಮೇಲೆ ಎತ್ತಿಹಿಡಿಯುವ ರೋಲರ್ ಕೂಡ ಇಲ್ಲ. ಸುಮಾರು 14 ಟನ್ನಿನ ಗಾಡಿ, ದೋಣಿಯಂಥ ಮೈ, ಹಿಂಬದಿಯಲ್ಲಿ ನೀರು ಚಿಮ್ಮಿಸಿ ತಳ್ಳುವ ಎರಡು ಬಾಯಿ. 1/35ರಲ್ಲಿ ಮೈ 20 ಸೆಂಟಿಮೀಟರ್ ಕೂಡ ಇಲ್ಲ, ಟಿವಿ ಪಕ್ಕ ಇಡಬಹುದು. ಟ್ರಂಪೆಟರ್ ಕಂಪನಿಯ ಕಿಟ್ ಇದೆ.

ಚಕ್ರದ ಮಾತು ಬಿಡಿ. ಗರೀಬ್‌ಪುರದ ಕತೆ ಗೊತ್ತಿದ್ದವರಿಗೆ ಈ ಟ್ಯಾಂಕ್ ಸುಮ್ನೆ ಪ್ಲಾಸ್ಟಿಕ್ಕಾಗಿ ಉಳಿಯುವುದಿಲ್ಲ. 1971ರ ನವೆಂಬರ್ 21, ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಜೆಸ್ಸೋರ್ ಕಡೆಯ ಮಂಜು ಮುಸುಕಿದ ಬೆಳಗ್ಗೆ. 14 ಪಂಜಾಬ್ ಕಾಲಾಳು ಪಡೆಯ ಜೊತೆ 45 ಕ್ಯಾವಲ್ರಿ ಅನ್ನುವ ನಮ್ಮ ಟ್ಯಾಂಕ್ ರೆಜಿಮೆಂಟಿನ 14 ಪಿಟಿ-76ಗಳು ನಿಂತಿದ್ದವು. ಎದುರಿಗೆ ಬಂದದ್ದು ಪಾಕಿಸ್ತಾನದ ಚಾಫಿ ಅನ್ನುವ ಅಮೆರಿಕನ್ ಹಗುರ ಟ್ಯಾಂಕುಗಳು. ದಾಳಿ ಮುರಿಯಿತು. ನಮ್ಮ ಸ್ಕ್ವಾಡ್ರನ್ ನಡೆಸುತ್ತಿದ್ದ ಮೇಜರ್ ದಲ್ಜೀತ್ ಸಿಂಗ್ ನಾರಗ್ ಅಲ್ಲೇ ಹುತಾತ್ಮರಾದರು, ಅವರಿಗೆ ಮಹಾವೀರ ಚಕ್ರ ಬಂತು. ಇಷ್ಟು ತಿಳಿದ ಮೇಲೆ ಗೋಪುರದ ಮುಚ್ಚಳವನ್ನು ಅಂಟಿಸುವ ಕೈ ತಾನಾಗಿ ನಿಧಾನವಾಗುತ್ತದೆ. ಜರ್ಮನಿಯ ಟ್ಯಾಂಕಿನ ಮೇಲೆ ನನಗೆ ಆ ಅಕ್ಕರೆ ಬರಲೇ ಇಲ್ಲ.

ಮಾದರಿಗೆ ಕೆಸರಿನ ಹಾಗೆ ಮೆತ್ತುವ ಮಣ್ಣಿನ ವಿಷಯದಲ್ಲೂ ಈ ಕತೆಯನ್ನೇ ನೆನಪಿಡಿ. ನಮ್ಮ ಕಡೆಯ ಕೆಮ್ಮಣ್ಣು ಹಾಕಬೇಡಿ, ಅದು ಬಂಗಾಳದ ಗದ್ದೆ ಅಲ್ವಾ. ಕೆರೆ ಗೋಡು ತಂದು ಒಣಗಿಸಿ, ಪುಡಿ ಮಾಡಿ, ಹಳೆ ಪಂಚೆಯಲ್ಲಿ ಜರಡಿ ಹಿಡಿಯಿರಿ. ಆ ಬೂದು ಬಣ್ಣ ಸರಿಯಾಗಿ ಹೊಂದುತ್ತದೆ. ನುಣ್ಣಗಿದೆ ಅಂತ ಕೆಜಿಎಫ್‌ನ ಸೈನೈಡ್ ಗುಡ್ಡದ, ಅಂದರೆ ಚಿನ್ನದ ಗಣಿಯ ತ್ಯಾಜ್ಯದ ರಾಶಿಯ, ಪುಡಿ ಮಾತ್ರ ಮನೆಗೆ ತರಬೇಡಿ.

ಏರ್‌ಬ್ರಷ್ ಈಗ ಬೇಡ. ಆ ದುಡ್ಡಿಗೆ ಕಿಟ್, ಎರಡು ಒಳ್ಳೆ ಬ್ರಷ್, ಒಂದು ಕಟ್ಟರ್, ಟರ್ಪೆಂಟೈನ್ ತಗೊಳ್ಳಿ. ಒಂದು ಮಾತ್ರ ಮೊದಲೇ ನೋಡಿಕೊಳ್ಳಿ. ಹಳೆ ಪಿಟಿ-76ರ ನಳಿಗೆ ತುದಿಯಲ್ಲಿ ಸಾಲು ಸಾಲು ಸೀಳು ಇರುತ್ತವೆ, ಆಮೇಲಿನದರಲ್ಲಿ ಎರಡೇ ದೊಡ್ಡ ಕಿಂಡಿ. ಕಿಟ್ ತರಿಸುವ ಮುಂಚೆ 45 ಕ್ಯಾವಲ್ರಿಯ ಫೋಟೋ ಹುಡುಕಿ, ನೀವು ಕಟ್ಟುವ ಗಾಡಿಯ ಮೂತಿ ಯಾವ ಥರದ್ದು ಅಂತ ಖಚಿತ ಮಾಡಿಕೊಳ್ಳಿ. ಗೊಂದಲ ಆದರೆ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.