ಸೊನ್ನೆಯೋ, ಖಾಲಿಯೋ?

ಚಿಂತಾಮಣಿಯಿಂದ ಜೀವಶಾಸ್ತ್ರದ ಉಪನ್ಯಾಸಕಿಯೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ವೈದ್ಯಕೀಯ ಸಂಶೋಧನೆಗೆ ಡೇಟಾ ಸೈನ್ಸ್, ಅಂದರೆ ಅಂಕಿಅಂಶದ ರಾಶಿಯಿಂದ ಅರ್ಥ ಹುಡುಕುವ ವಿದ್ಯೆ, ಕಲಿಸುವ ಎರಡು ದಿನದ ಕಾರ್ಯಾಗಾರಕ್ಕೆ ಅವರು ಹೋಗಿದ್ದರಂತೆ. ಸಂಶೋಧನೆಯ ಮಾಹಿತಿಯನ್ನು ಎಲ್ಲರಿಗೂ ತೆರೆದಿಡಬೇಕು ಎಂದು ಅಲ್ಲಿ ಮಾತಾಡಿದವರೆಲ್ಲ ಹೇಳಿದರಂತೆ. ಇವರಿಗೆ ಅದು ಸರಿ ಕಂಡಿಲ್ಲ. "ನಮ್ಮ ಹಳ್ಳಿಯವರ ರಕ್ತದ ವರದಿಯನ್ನು ಊರಿಗೆಲ್ಲ ಹಂಚಬೇಕಾ? ನಾಳೆ ಇನ್ಶೂರೆನ್ಸ್ ಕಂಪನಿಯವರು ನೋಡಿದರೆ? ನಮ್ಮ ಮಕ್ಕಳಿಗೆ ಸರ್ಟಿಫಿಕೇಟ್ ಬಿಟ್ಟು ಇದರಿಂದ ಸಿಗೋದೇನು?" ಅಂತ ಕೇಳಿದ್ದಾರೆ.

ಮೇಡಂ, ನಿಮ್ಮ ಭಯ ಸುಳ್ಳಲ್ಲ. ಕಾಯಿಲೆಯ ವಿಷಯ ಮನೆಯ ವಿಷಯ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಟಿಬಿ ಅಂತ ಪಕ್ಕದ ಮನೆಗೆ ಗೊತ್ತಾದರೂ ಹುಡುಗಿಯ ಮದುವೆ ನಿಂತುಹೋಗುವ ಊರುಗಳು ನಮ್ಮವು. ಇದನ್ನು ನಾನು ಒಪ್ಪುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿ ಒಂದಾಗಿಬಿಟ್ಟಿವೆ. ಹೆಸರು ಬೇರೆ, ಅಂಕಿ ಬೇರೆ.

ಅಮೆರಿಕದ ಬಾಸ್ಟನ್‌ನಲ್ಲಿರುವ ಒಂದು ಆಸ್ಪತ್ರೆಯ ಐಸಿಯು ದಾಖಲೆ ನೋಡಿ. ಮಿಮಿಕ್ ಅಂತ ಕರೆಯುತ್ತಾರೆ. ಅದರ ಮೂರನೇ ಆವೃತ್ತಿಯಲ್ಲೇ 2001ರಿಂದ 2012ರವರೆಗಿನ 40,000ಕ್ಕೂ ಜಾಸ್ತಿ ರೋಗಿಗಳ ಮಾಹಿತಿ ಇದೆ. ಹೆಸರು ಅಳಿಸಿದ್ದಾರೆ, ದಿನಾಂಕಗಳನ್ನೇ ಬೇರೆ ಶತಮಾನಕ್ಕೆ ಸರಿಸಿಬಿಟ್ಟಿದ್ದಾರೆ. ಬೇಕಾದವರು ಮೊದಲು ರೋಗಿಗಳ ಗೌಪ್ಯತೆಯ ಬಗ್ಗೆ ಒಂದು ಕೋರ್ಸ್ ಪಾಸ್ ಮಾಡಬೇಕು, ಒಪ್ಪಂದಕ್ಕೆ ಸಹಿ ಹಾಕಬೇಕು. ಆಮೇಲೆ ಒಂದು ಪೈಸೆ ಇಲ್ಲದೆ ಸಿಗುತ್ತದೆ, ಚಿಂತಾಮಣಿಯ ನಿಮ್ಮ ವಿದ್ಯಾರ್ಥಿಗೂ ಸಿಗುತ್ತದೆ. ಬಾಗಿಲು ಇದೆ, ಚಿಲಕವೂ ಇದೆ. ತಟ್ಟಿದವರಿಗೆ ತೆಗೆಯುತ್ತಾರೆ, ಅಷ್ಟೇ.

ಇನ್ನು ಸಿಗೋದೇನು ಅಂದಿರಲ್ಲ, 2020ರ ಜನವರಿ ನೆನಪು ಮಾಡಿಕೊಳ್ಳಿ. 11ನೇ ತಾರೀಕು ಚೀನಾದ ವಿಜ್ಞಾನಿ ಝಾಂಗ್ ಯೊಂಗ್‌ಝೆನ್ ಅವರ ತಂಡ ಕೊರೋನಾ ವೈರಸ್ಸಿನ ಪೂರ್ತಿ ಜೀನೋಮನ್ನು, ಅಂದರೆ ಅದರ ಇಡೀ ಆನುವಂಶಿಕ ಬರಹವನ್ನು, ಎಲ್ಲರಿಗೂ ಕಾಣುವ ಹಾಗೆ ಹಾಕಿತು. ಎರಡೇ ದಿನದಲ್ಲಿ ಅಮೆರಿಕದ ಮಾಡರ್ನಾ ಕಂಪನಿಯವರ ಲಸಿಕೆಯ ನಕ್ಷೆ ತಯಾರಾಯಿತು, ಮಾರ್ಚ್ 16ಕ್ಕೆ ಮೊದಲ ಮನುಷ್ಯನಿಗೆ ಸೂಜಿ ಬಿತ್ತು. ಆ ತಂಡ "ಮೊದಲು ನಮ್ಮ ಪೇಪರ್ ಅಚ್ಚಾಗಲಿ" ಅಂತ ಕೂತಿದ್ದರೆ? ಇನ್ನೊಂದು ನೋಡಿ, ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾಗಿದ್ದು 1971ರಲ್ಲಿ, ಏಳೇ ಏಳು ಪ್ರೋಟೀನುಗಳ ರಚನೆ ಇಟ್ಟುಕೊಂಡು. ಜಗತ್ತಿನ ಲ್ಯಾಬುಗಳೆಲ್ಲ ತಮ್ಮದನ್ನು ತಂದು ಸುರಿದವು, ಈಗ 2 ಲಕ್ಷ ದಾಟಿದೆ. ಆ ರಾಶಿಯಿಂದಲೇ ಕಲಿತು ಪ್ರೋಟೀನಿನ ಆಕಾರ ಹೇಳುವ ಆಲ್ಫಾಫೋಲ್ಡ್ ಎಂಬ ಎಐ ಕಟ್ಟಿದವರಿಗೆ 2024ರ ನೊಬೆಲ್ ಬಂತು. ಐವತ್ತು ವರ್ಷ ಹಂಚಿದವರು ಎಷ್ಟೋ ಸಾವಿರ ಜನ, ಅವರ ಹೆಸರು ಯಾರಿಗೂ ಗೊತ್ತಿಲ್ಲ.

ದೂರದ ಮಾತು ಸಾಕು. ನನಗೆ ಈ ಹುಚ್ಚು ಹತ್ತಿದ್ದು ಪಾವಗಡದಲ್ಲಿ.

ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಒಂದು ಲೇಖನ ಬರೆಯಬೇಕಿತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅಂತ ನಿಮಗೆ ನಾನು ಹೇಳಬೇಕಿಲ್ಲ, ನಿಮ್ಮ ಬಾಗೇಪಲ್ಲಿಯಲ್ಲೂ ಅದೇ ಕಥೆ. ಯಾವ ಊರಲ್ಲಿ ಎಷ್ಟಿದೆ ಅಂತ ಕೇಳಲು ಒಂದು ಕಚೇರಿಗೆ ಹೋದೆ. ಕೊಡಲ್ಲ ಅಂದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ತಿಂಗಳಾದ ಮೇಲೆ ಹದಿನಾಲ್ಕು ಪುಟ ಬಂತು, ಜೆರಾಕ್ಸಿನ ಮೇಲೆ ಜೆರಾಕ್ಸ್, ಅಂಚು ಸೊಟ್ಟ, ಕೊನೆಯ ಕಾಲಂ ಅರ್ಧ ಕತ್ತರಿಸಿಹೋಗಿತ್ತು. ಮೂರು ರಾತ್ರಿ ಕೂತು ಒಂದೊಂದೇ ಸಾಲು ಟೈಪ್ ಮಾಡಿದೆ. ಫ್ಲೋರೈಡ್ ಕಾಲಂನಲ್ಲಿ ಕೆಲವು ಕಡೆ 2.1, 3.4 ಅಂತ ಇದ್ದರೆ ಕೆಲವು ಕಡೆ ಅಡ್ಡಗೆರೆ, ಕೆಲವು ಕಡೆ ಸುಮ್ನೆ ಖಾಲಿ, ಇನ್ನು ಕೆಲವು ಕಡೆ 0. ಸೊನ್ನೆ ಇರುವ ಊರುಗಳ ನೀರು ಚೆನ್ನಾಗಿದೆ ಅಂತ ಲೆಕ್ಕ ಹಾಕಿ ಲೇಖನ ಬರೆದೂಬಿಟ್ಟೆ. ಅಚ್ಚಿಗೆ ಕೊಡುವ ಮುಂಚೆ ಮಧುಗಿರಿ ಮೇಲೆ ಹೋಗುವ ಬಸ್ ಹಿಡಿದು ಅಂಥದ್ದೊಂದು ಊರಿಗೆ ಹೋದೆ. ಶಾಲೆಯ ಮಕ್ಕಳು ನಕ್ಕರು. ಹಲ್ಲಿನ ಮೇಲೆ ಕಂದು ಗೆರೆ, ಫ್ಲೋರೈಡ್ ಜಾಸ್ತಿಯಾದ ಗುರುತು. ಒಬ್ಬರಲ್ಲ ಇಬ್ಬರಲ್ಲ, ಸಾಲಿಗೆ ಸಾಲು. ಆ ಊರಿನ ನೀರನ್ನು ಪರೀಕ್ಷೆಯೇ ಮಾಡಿರಲಿಲ್ಲ. ಪರೀಕ್ಷೆ ಆಗದ ಜಾಗಕ್ಕೆ ಯಾರೋ ಸೊನ್ನೆ ಬರೆದಿದ್ದರು.

ಆ ಹಾಳೆ ಮೊದಲೇ ನಾಲ್ಕು ಜನರ ಕಣ್ಣಿಗೆ ಬಿದ್ದಿದ್ದರೆ, ಆ ಊರಿನ ಮೇಷ್ಟರೇ ನೋಡಿದ್ದರೆ, "ಇದೇನ್ರೀ, ನಮ್ಮೂರಿಗೆ ಸೊನ್ನೆ?" ಅಂತ ಒಂದೇ ದಿನದಲ್ಲಿ ಕೇಳುತ್ತಿದ್ದರು. ಮುಚ್ಚಿಟ್ಟ ಅಂಕಿಯಲ್ಲಿ ತಪ್ಪಿದ್ದರೆ ಅದು ತಪ್ಪಾಗಿಯೇ ಉಳಿಯುತ್ತದೆ ಮೇಡಂ. ದೊಡ್ಡ ದೊಡ್ಡ ಲ್ಯಾಬಿನವರಿಗೂ ಹೀಗಾಗಿದೆ. ಎಕ್ಸೆಲ್ ಹಾಳೆಯಲ್ಲಿ ಮಾರ್ಚ್1 ಎಂಬ ಜೀನಿನ ಹೆಸರು ಹಾಕಿದರೆ ಅದು ತಾನೇ ಮಾರ್ಚ್ 1ನೇ ತಾರೀಕು ಮಾಡಿಬಿಡುತ್ತದೆ. ಪತ್ತೆಯಾಗಿದ್ದು ಹೇಗೆ? ಪೇಪರಿನ ಜೊತೆ ಹಾಳೆಗಳನ್ನೂ ಹಂಚಿದ್ದರಿಂದ. ಕೊನೆಗೆ 2020ರಲ್ಲಿ ಅಂಥ ಜೀನುಗಳ ಹೆಸರನ್ನೇ ಬದಲಾಯಿಸಿದರು.

ಕಾರ್ಯಾಗಾರದ ಬಗ್ಗೆ ನೀವು ಬರೆದದ್ದಕ್ಕೆ ಮಾತ್ರ ನನ್ನ ಪೂರ್ತಿ ಬೆಂಬಲ. ಮೊದಲ ದಿನ ಮಧ್ಯಾಹ್ನದವರೆಗೆ ದೀಪ, ಶಾಲು, ಹಾರ, ನೆನಪಿನ ಕಾಣಿಕೆ. ಆಮೇಲೆ ಇಂಗ್ಲಿಷಿನಲ್ಲಿ ಸ್ಲೈಡು. ಅಭ್ಯಾಸಕ್ಕೆ ಕೊಟ್ಟಿದ್ದು ಯಾವುದೋ ದೇಶದ ಹೂವಿನ ಎಸಳಿನ ಅಳತೆ ಅಂತ ಬರೆದಿದ್ದೀರಿ. ದಡದ ಮೇಲೆ ಕೂರಿಸಿ ಈಜು ಕಲಿಸಿದ ಹಾಗಾಯಿತು. ನಿಮ್ಮ ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನಲ್ಲೇ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 45 ದಾಟಿದ ಹಳ್ಳಿಯವರ ಮೆದುಳು, ಮರೆವು, ರಕ್ತ ಎಲ್ಲವನ್ನೂ ವರ್ಷಗಟ್ಟಲೆ ನೋಡುವ ಅಧ್ಯಯನ ಮಾಡುತ್ತಿದ್ದಾರೆ. 10,000 ಜನರನ್ನು ಸೇರಿಸಿಕೊಳ್ಳುವ ಗುರಿ. ಭಾರತೀಯರ ಜೀನೋಮುಗಳನ್ನು ಓದಿ ದಾಖಲಿಸುವ ಜೀನೋಮ್ ಇಂಡಿಯಾ ಯೋಜನೆಗೆ ಮುಂದಾಳು ಅದೇ ಸಂಸ್ಥೆ. ಜೀನೋಮ್ ಇಂಡಿಯಾದ ಮಾಹಿತಿ ಫರೀದಾಬಾದಿನ ಭಾರತೀಯ ಜೈವಿಕ ಡೇಟಾ ಕೇಂದ್ರದಲ್ಲಿದೆ, 2025ರ ಜನವರಿಯಿಂದ ಸಂಶೋಧಕರು ಅರ್ಜಿ ಹಾಕಿ ಕೇಳಬಹುದು. ಕೋಲಾರದ ಅಜ್ಜಿ ತೋಳು ಚಾಚಿ ರಕ್ತ ಕೊಡುತ್ತಾಳೆ, ಅವಳ ಮೊಮ್ಮಗಳು ಡಿಗ್ರಿ ಓದುತ್ತಾಳೆ, ಇಂಥ ಅಂಕಿಗಳನ್ನು ಓದುವುದು ಹೇಗೆ ಅಂತ ಅವಳಿಗೆ ಕನ್ನಡದಲ್ಲಿ ಹೇಳಿಕೊಡುವವರಿಲ್ಲ. ನನ್ನ ಹೊಟ್ಟೆ ಉರಿಯುವುದು ಇಲ್ಲೇ. ಆಶಾ ಕಾರ್ಯಕರ್ತೆ ಬಿಸಿಲಲ್ಲಿ ಮನೆ ಮನೆ ಸುತ್ತಿ ರಿಜಿಸ್ಟರ್ ತುಂಬುತ್ತಾಳೆ. ಅವಳು ಬರೆದ ಅಂಕಿ ಮೇಲಕ್ಕೆ ಹೋಗುತ್ತದೆ, ಮೇಲಕ್ಕೇ ಹೋಗುತ್ತದೆ, ತಿರುಗಿ ಊರಿಗೆ ಬರುವುದೇ ಇಲ್ಲ. ಮಳೆ, ಬೆಳೆ, ರಸ್ತೆ ಅಪಘಾತ, ಎಲ್ಲದಕ್ಕೂ ಇದೇ ಪಾಡು.

ನೀವು ಪಾಠ ಮಾಡುವವರು, ಮೂರು ಪುಟ ಕೂತು ಬರೆಯುವಷ್ಟು ಕಾಳಜಿ ಇರುವವರು. ಬೇಡ ಅನ್ನುವ ಸಾಲಿಗೆ ನೀವೂ ಸೇರಿದರೆ ಹೇಗೆ, ಹೇಳಿ? ನನ್ನ ಆ ಹದಿನಾಲ್ಕು ಪುಟ, ಟೈಪ್ ಮಾಡಿದ ಹಾಳೆ ಎರಡನ್ನೂ ಈ ವಾರ ನಿಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅದರಲ್ಲಿ ಯಾರ ಹೆಸರೂ ಇಲ್ಲ, ಊರು ಮತ್ತು ನೀರು ಅಷ್ಟೇ. ಕ್ಲಾಸಿನಲ್ಲಿ ಹಂಚಿ, ಮಕ್ಕಳ ಕೈಗೆ ಪೆನ್ಸಿಲ್ ಕೊಡಿ, ಯಾವುದು ಸೊನ್ನೆ, ಯಾವುದು ಖಾಲಿ ಅಂತ ಗುರುತು ಹಾಕಿಸಿ. ನಾಲ್ಕನೇ ಪುಟದಲ್ಲಿ ಎರಡು ಕಡೆ ನನಗೆ ಇವತ್ತಿಗೂ ಅನುಮಾನ ಇದೆ. ಮಕ್ಕಳೇನು ಹೇಳಿದರು ಅಂತ ಬರೆಯಿರಿ.

– ಸಂಪಾದಕ, ತುಮಕೂರು