ಗಿಡ್ಡ ಕುದುರೆಯ ದೊಡ್ಡ ವಂಶ

ಪ್ರಶ್ನೆ: ರೇಸ್ ಕುದುರೆ ನಾರ್ದರ್ನ್ ಡ್ಯಾನ್ಸರ್ ಬರೀ 15.2 ಹ್ಯಾಂಡ್ ಎತ್ತರವಂತೆ. ಎತ್ತರದ ಹೆಣ್ಣು ಕುದುರೆಗಳಿಗೆ ಕೃತಕ ಗರ್ಭಧಾರಣೆ ಮಾಡಿಸುತ್ತಿದ್ದರೇ?

ಉತ್ತರ: ಇಲ್ಲ, ಮಾಡಿಸುವಂತೆಯೂ ಇಲ್ಲ. ಥರೋಬ್ರೆಡ್ (ರೇಸ್ ಕುದುರೆಯ ತಳಿ) ಮರಿ ಸ್ಟಡ್‌ಬುಕ್, ಅಂದರೆ ತಳಿಯ ಅಧಿಕೃತ ವಂಶದಾಖಲೆ, ಸೇರಬೇಕಾದರೆ ಗಂಡು ಕುದುರೆಯನ್ನು ಹೆಣ್ಣಿನ ಮೇಲೆ ನೇರವಾಗಿ ಹಾರಿಸಿಯೇ ಹುಟ್ಟಿರಬೇಕು. ಗಂಡು ಗಿಡ್ಡವಾದರೆ ಹೆಣ್ಣನ್ನು ತಗ್ಗಿನಲ್ಲಿ ನಿಲ್ಲಿಸುತ್ತಾರೆ, ಇಲ್ಲವೇ ಗಂಡಿನ ಕಡೆ ನೆಲ ಎತ್ತರಿಸುತ್ತಾರೆ. ನೆಲ ಜಾರಬಾರದು, ಹಿಂಗಾಲು ಜಾರಿದರೆ ಎರಡಕ್ಕೂ ಪೆಟ್ಟು.

ಅಂದಹಾಗೆ 15.2 ದಶಮಾಂಶವಲ್ಲ. ಹ್ಯಾಂಡ್ ಅಂದರೆ 4 ಇಂಚು. 15 ಹ್ಯಾಂಡ್, ಮೇಲೆ 2 ಇಂಚು, ಹೆಗಲಿನವರೆಗೆ ಒಟ್ಟು 62 ಇಂಚು.

ಕೆನಡಾದ ಈ ಗಿಡ್ಡ 1964ರಲ್ಲಿ ಅಮೆರಿಕದ ದೊಡ್ಡ ರೇಸ್ ಕೆಂಟಕಿ ಡರ್ಬಿಯನ್ನು ಸರಿಯಾಗಿ 2 ನಿಮಿಷದಲ್ಲಿ ಗೆದ್ದ. ಮಗ ನಿಜಿನ್ಸ್ಕಿ 1970ರಲ್ಲಿ ಇಂಗ್ಲಿಷ್ ಟ್ರಿಪಲ್ ಕ್ರೌನ್ (ಇಂಗ್ಲೆಂಡಿನ ಮೂರು ದೊಡ್ಡ ರೇಸ್‌ಗಳು) ಹೊಡೆದ. ಆದರೆ ವಂಶ ಹಬ್ಬಿಸಿದ್ದರಲ್ಲಿ ಇನ್ನೊಬ್ಬ ಮಗ ಸ್ಯಾಡ್ಲರ್ಸ್ ವೆಲ್ಸ್‌ನದೇ ಮೇಲುಗೈ: ಅವನ ಮಗ ಗೆಲಿಲಿಯೋ, ಮೊಮ್ಮಗ ಫ್ರಾಂಕೆಲ್.